ಎರೆ ಹೊಲದ ಹತ್ತಿ, ಲಿವರ್‌ಪೂಲಿನ ದರ

ಧಾರವಾಡ ಜಿಲ್ಲೆಯ ಗುಡಗೇರಿಯ ಸುತ್ತಲಿನ ಎರೆ ಹೊಲಗಳು ಹತ್ತಿಗೆ ಹೇಳಿ ಮಾಡಿಸಿದ ನೆಲ. ಧಾರವಾಡ ಸೀಮೆಯ ದೇಸಿ ಹತ್ತಿ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು. ವ್ಯಾಪಾರಿಗಳ ಬಾಯಲ್ಲಿ ಅದು 'ಕುಮಟಾ ಹತ್ತಿ' ಎಂದೇ ಹೆಸರಾಯಿತು. ಅದರ ಕಾಳು ಬಿಡಿಸುತ್ತಿದ್ದವರು ಹೆಂಗಸರು. ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರವಿ, ಕಬ್ಬಿಣದ ಸರಳನ್ನು ಪಾದದಡಿ ಉರುಳಿಸಿ ಹತ್ತಿಕಾಳು ಬೇರೆ ಮಾಡುತ್ತಿದ್ದರು. 1840ರ ದಶಕದಲ್ಲಿ ಜಿಲ್ಲೆಯಲ್ಲಿ ಬೇರೂರಿದ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿ ಆ ಸರಳಿಗೆ ಜಗ್ಗಲಿಲ್ಲ. ಕಾಳು ಬಿಡಿಸಲು ಗರಗಸದ ಜಿನ್ ಯಂತ್ರವೇ ಬೇಕಾಯಿತು.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಅಲ್ಲಿಂದ ಬರುತ್ತಿದ್ದ ಅರಳೆ ನಿಂತು ಇಂಗ್ಲೆಂಡಿನ ಹತ್ತಿ ಪೇಟೆ ಲಿವರ್‌ಪೂಲಿನಲ್ಲಿ ದರ ಮುಗಿಲಿಗೇರಿತು, ಧಾರವಾಡದ ಒಕ್ಕಲಿಗರ ಕೈಯಲ್ಲೂ ರೊಕ್ಕ ಓಡಾಡಿತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ದರ ಕುಸಿಯಿತು. ಮುಂಬಯಿಯಲ್ಲಿ ಬ್ಯಾಂಕುಗಳೇ ಮುಳುಗಿದವು.

ಹತ್ತಿ ಬೆಳೆದವನಿಗೆ ಗೊತ್ತಿದ್ದ ಈ ನೆಗೆತ-ಕುಸಿತ ಗಣಿತಕ್ಕೆ ಸಿಕ್ಕಲು ನೂರು ವರ್ಷವೇ ಬೇಕಾಯಿತು.

1963ರಲ್ಲಿ ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್ ಪರೀಕ್ಷೆಗೆ ಎತ್ತಿಕೊಂಡದ್ದು ಹತ್ತಿಯ ದರವನ್ನೇ, ಅಮೆರಿಕದ ದೀರ್ಘ ಕಾಲದ ದಾಖಲೆಗಳನ್ನು. ದಿನದ ಏರಿಳಿತಕ್ಕೂ ತಿಂಗಳ ಏರಿಳಿತಕ್ಕೂ ಒಂದೇ ಬಗೆಯ ಆಕಾರ ಕಂಡಿತು. ಸಂಭಾವ್ಯತೆಯ ಗಂಟೆಯಾಕಾರದ ವಕ್ರರೇಖೆ 'ಆಗಲಾರದು' ಎನ್ನುವಂಥ ಭಾರಿ ಜಿಗಿತಗಳು ಮತ್ತೆ ಮತ್ತೆ ಆಗಿದ್ದವು. ಭೌತವಿಜ್ಞಾನಿಗಳು ಈ ದಾರಿಯನ್ನು ಮುಂದುವರಿಸಿದರು. ಅವರಲ್ಲೊಬ್ಬರಾದ ಯೂಜಿನ್ ಸ್ಟಾನ್ಲಿ ಅದಕ್ಕೆ 'ಎಕನೋಫಿಸಿಕ್ಸ್' (ಅರ್ಥ-ಭೌತಶಾಸ್ತ್ರ) ಎಂದು ಹೆಸರಿಟ್ಟದ್ದು ನಮ್ಮ ಕೋಲ್ಕತ್ತದಲ್ಲೇ, 1995ರ ಸಮ್ಮೇಳನದಲ್ಲಿ.

ಸರಾಸರಿ ದರ ನಂಬಿ ಸಾಲ ತಂದ ರೈತ ಸೋಲುವುದು ಇಂಥ ಜಿಗಿತದ ದಿನಗಳಲ್ಲಿ. ಹಾಗಾಗಿ ಹುಬ್ಬಳ್ಳಿ, ಅಣ್ಣಿಗೇರಿ ಪೇಟೆಗಳ ಹಳೆಯ ಧಾರಣೆಗಳನ್ನೂ ಅಷ್ಟೇ ಶ್ರದ್ಧೆಯಿಂದ ಅಳೆಯಬೇಕು. ಬೆಳೆ ವಿಮೆ, ಬೆಂಬಲ ಬೆಲೆಗಳ ಲೆಕ್ಕ ಅಲ್ಲಿಂದ ಶುರುವಾಗಬೇಕು.