ಶಾಲಾ ಮಕ್ಕಳ ಬೆಳವಣಿಗೆಯ ಅಳತೆ ನಡೆದುಬಂದ ದಾರಿ

ಮಕ್ಕಳ ಎತ್ತರವನ್ನು ಅಳೆಯುವುದು ಸುಲಭವಾದರೂ ಬೆಳವಣಿಗೆಯನ್ನು ಅಳೆಯುವುದು ಅಷ್ಟು ಸುಲಭವಲ್ಲ. ಒಂದೇ ಮಗುವನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಅಳೆದಾಗ ಮಾತ್ರ ಅದರ ಗತಿ ತಿಳಿಯುತ್ತದೆ. ಫ್ರಾನ್ಸಿನ ಮೋಂಬೆಯಾರ್ 1759ರಿಂದ 1777ರವರೆಗೆ ತನ್ನ ಮಗನ ಎತ್ತರವನ್ನು ನಿಯತವಾಗಿ ಅಳೆದು ಬರೆದಿಟ್ಟಿದ್ದು, ಪ್ರಕೃತಿವಿಜ್ಞಾನಿ ಬುಫೋನ್ ಅದನ್ನು ಪ್ರಕಟಿಸಿದ್ದು ಈ ಶಾಸ್ತ್ರದ ಮೊದಲ ಹೆಜ್ಜೆ. ಶೈಶವದಿಂದ ಇಳಿಯುತ್ತ ಬರುವ ಬೆಳವಣಿಗೆಯ ವೇಗವು ಹರೆಯದಲ್ಲಿ ಮತ್ತೊಮ್ಮೆ ಏರಿ, ಬಳಿಕ ನಿಲ್ಲುತ್ತದೆ ಎಂಬ ಸಂಗತಿ ಆ ಒಬ್ಬ ಹುಡುಗನ ಅಂಕಿಗಳಲ್ಲಿಯೇ ಅಡಗಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಆಸಕ್ತಿ ಒಂದು ಮಗುವಿನಿಂದ ಸಮುದಾಯಕ್ಕೆ ಹೊರಳಿತು. ಬೆಲ್ಜಿಯಂನ ಕ್ವೆಟ್ಲೆ 1835ರ ತನ್ನ ಗ್ರಂಥದಲ್ಲಿ ‘ಸರಾಸರಿ ಮನುಷ್ಯ’ನ ಕಲ್ಪನೆಯನ್ನು ಮಂಡಿಸಿದನು, ಕಿಲೋಗ್ರಾಂ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿ ಪಡೆಯುವ, ಇಂದು ಬಿಎಂಐ ಎಂದು ಕರೆಯಲಾಗುವ ದೇಹತೂಕ ಸೂಚ್ಯಂಕದ ಮೂಲವೂ ಅವನಲ್ಲಿಯೇ ಇದೆ. 1870ರ ದಶಕದಲ್ಲಿ ಬೋಸ್ಟನ್ನಿನ ಶಾಲೆಗಳಲ್ಲಿ ಸಾವಿರಾರು ಮಕ್ಕಳನ್ನು ಅಳೆಸಿದ ಹೆನ್ರಿ ಬೌಡಿಚ್, ಹರೆಯದ ಹೊಸ್ತಿಲಲ್ಲಿ ಹುಡುಗಿಯರು ಕೆಲಕಾಲ ಹುಡುಗರನ್ನು ಎತ್ತರದಲ್ಲಿ ಮೀರಿಸುತ್ತಾರೆಂದೂ ಅನುಕೂಲಸ್ಥರ ಮಕ್ಕಳು ಬಡವರ ಮಕ್ಕಳಿಗಿಂತ ದೊಡ್ಡವರಿರುತ್ತಾರೆಂದೂ ತೋರಿಸಿದನು. ಪರ್ಸೆಂಟೈಲ್ ಎಂಬ ಕ್ರಮವನ್ನು, ಅಂದರೆ ಒಂದೇ ವಯಸ್ಸಿನ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಒಂದು ಮಗುವಿನ ಸ್ಥಾನ ಎಷ್ಟನೆಯದೆಂದು ಹೇಳುವ ರೀತಿಯನ್ನು, ಈ ಕ್ಷೇತ್ರಕ್ಕೆ ತಂದವನೂ ಅವನೇ.

ಆದರೆ ಸರಾಸರಿಯೇ ಒಂದು ಮರೆಯಾಗಬಲ್ಲದು. ಹರೆಯದ ಜಿಗಿತವು ಒಬ್ಬರಿಗೆ ಬೇಗ, ಇನ್ನೊಬ್ಬರಿಗೆ ತಡವಾಗಿ ಬರುವುದರಿಂದ, ಎಲ್ಲರನ್ನೂ ವಯಸ್ಸಿನಂತೆ ಒಟ್ಟುಗೂಡಿಸಿದಾಗ ಪ್ರತಿಯೊಬ್ಬರ ಕಡಿದಾದ ಏರಿಕೆಯೂ ಚಪ್ಪಟೆಯಾಗಿ ಕಾಣುತ್ತದೆ. ಇದನ್ನು ಕಂಡುಕೊಂಡ ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್, ಪ್ರತಿ ಮಗುವಿಗೂ ತನ್ನದೇ ಬೆಳವಣಿಗೆಯ ಲಯವಿದೆ ಎಂದನು. ಈ ಕ್ಷೇತ್ರದ ಅತ್ಯಂತ ಫಲವತ್ತಾದ ಚಿಂತನೆ ಇದೇ ಎನ್ನಬೇಕು. ಇಂಗ್ಲೆಂಡಿನ ಹಾರ್ಪೆಂಡನ್‌ನಲ್ಲಿ ಅವವೇ ಮಕ್ಕಳನ್ನು ದೀರ್ಘಕಾಲ ಅಳೆದ ಜೇಮ್ಸ್ ಟ್ಯಾನರ್ ಅದನ್ನು ವೈದ್ಯರ ಕೈಗೆ ಒದಗುವ ರೇಖಾಪಟಗಳಾಗಿ ಬೆಳೆಸಿದನು. ಶಾಲೆಯ ಮೊದಲ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 5–6 ಸೆಂ.ಮೀ. ಬೆಳೆಯುವ ಮಕ್ಕಳಲ್ಲಿ, ಸಾಮಾನ್ಯವಾಗಿ ಹುಡುಗಿಯರು 12ರ ಆಸುಪಾಸಿನಲ್ಲಿ, ಹುಡುಗರು 14ರ ಆಸುಪಾಸಿನಲ್ಲಿ ಅತಿ ಹೆಚ್ಚಿನ ವೇಗವನ್ನು ಮುಟ್ಟುತ್ತಾರೆಂಬುದು ಇಂತಹ ಅಧ್ಯಯನಗಳಿಂದ ಖಚಿತವಾಯಿತು.

ಆಹಾರ ಎತ್ತರವನ್ನು ಹೆಚ್ಚಿಸುತ್ತದೆಯೇ ಎಂಬ ಪ್ರಶ್ನೆಯನ್ನು ಪರೀಕ್ಷಿಸಲು 1930ರಲ್ಲಿ ಸ್ಕಾಟ್ಲೆಂಡಿನ ಲನಾರ್ಕ್‌ಶೈರ್‌ನಲ್ಲಿ ಸುಮಾರು 20,000 ಶಾಲಾ ಮಕ್ಕಳ ಮೇಲೆ ನಾಲ್ಕು ತಿಂಗಳ ಪ್ರಯೋಗ ನಡೆಯಿತು. ಅರ್ಧದಷ್ಟು ಮಕ್ಕಳಿಗೆ ನಿತ್ಯ ಹಾಲು ಕೊಡಲಾಯಿತು, ಉಳಿದವರಿಗೆ ಇಲ್ಲ. ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಸಂಖ್ಯಾಶಾಸ್ತ್ರಜ್ಞ ಗಾಸೆಟ್ ಮರುವರ್ಷವೇ ಅದರ ದೋಷವನ್ನು ಬಯಲಿಗಿಟ್ಟನು: ಹಾಲು ಕುಡಿಯದ ಗುಂಪು ಆರಂಭದಲ್ಲಿಯೇ ಹೆಚ್ಚು ಎತ್ತರ, ಹೆಚ್ಚು ತೂಕ ಹೊಂದಿತ್ತು, ಏಕೆಂದರೆ ಶಿಕ್ಷಕರು ಕರುಣೆಯಿಂದ ಬಡಕಲು ಮಕ್ಕಳನ್ನು ಹಾಲಿನ ಗುಂಪಿಗೆ ಸೇರಿಸಿದಂತಿತ್ತು, ಮೇಲಾಗಿ ಮೊದಲ ತೂಕವನ್ನು ಚಳಿಗಾಲದ ದಪ್ಪ ಬಟ್ಟೆಗಳಲ್ಲಿಯೂ ಕೊನೆಯದನ್ನು ಬೇಸಿಗೆಯ ತೆಳು ಬಟ್ಟೆಗಳಲ್ಲಿಯೂ ನೋಡಲಾಗಿತ್ತು. ಸಾವಿರಾರು ಮಕ್ಕಳ ಬದಲು ಐವತ್ತು ಜೋಡಿ ಏಕರೂಪಿ ಅವಳಿಗಳು ಸಾಕಾಗಿದ್ದವೆಂಬ ಅವನ ವಾದ ಇಂದಿಗೂ ಮನನೀಯ. 2013ರಲ್ಲಿ ಕರ್ನಾಟಕದ ಶಾಲೆಗಳಲ್ಲಿ ಆರಂಭವಾದ ಕ್ಷೀರಭಾಗ್ಯದಂತಹ ಯೋಜನೆಯ ಫಲವನ್ನು ಅಳೆಯಹೊರಡುವವರೂ ಮರೆಯಬಾರದ ಎಚ್ಚರಿಕೆ ಇದು.

ಭಾರತದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1956–65ರ ಅವಧಿಯಲ್ಲಿ ಸಂಗ್ರಹಿಸಿದ ಅಳತೆಗಳಲ್ಲಿ ಬಡ ಕುಟುಂಬಗಳ ಮಕ್ಕಳೇ ಹೆಚ್ಚಿದ್ದುದರಿಂದ, ಮಕ್ಕಳು ಹೇಗಿದ್ದಾರೆಂದು ಅವು ತಿಳಿಸಿದವೇ ಹೊರತು ಹೇಗಿರಬೇಕೆಂದಲ್ಲ. ಇದ್ದದ್ದನ್ನು ವಿವರಿಸುವ ಅಂತಹ ಅಳತೆಪಟ್ಟಿಗೆ ಉಲ್ಲೇಖವೆಂದೂ, ಅನುಕೂಲ ಪರಿಸರದಲ್ಲಿ ಆಗಬೇಕಾದದ್ದನ್ನು ಸೂಚಿಸುವುದಕ್ಕೆ ಮಾನದಂಡವೆಂದೂ ಹೆಸರು. ದಕ್ಷಿಣ ದೆಹಲಿಯವರೂ ಸೇರಿದಂತೆ ಆರು ದೇಶಗಳ ಮಕ್ಕಳನ್ನು ಅಳೆದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಐದು ವರ್ಷದವರೆಗಿನ ಮಾನದಂಡವನ್ನು ಪ್ರಕಟಿಸಿತು. ಆದರೆ 5ರಿಂದ 19 ವರ್ಷದವರಿಗಾಗಿ 2007ರಲ್ಲಿ ಅದು ಕೊಟ್ಟದ್ದು, ಬಹುಮಟ್ಟಿಗೆ 1977ರ ಅಮೆರಿಕದ ಅಂಕಿಗಳನ್ನೇ ಪುನರ್ರಚಿಸಿದ ಉಲ್ಲೇಖ ಮಾತ್ರ. ವಯಸ್ಸಿಗೆ ತಕ್ಕ ತೂಕದ ಕೋಷ್ಟಕವನ್ನು ಅದು ಹತ್ತು ವರ್ಷಕ್ಕೇ ನಿಲ್ಲಿಸುತ್ತದೆ, ಏಕೆಂದರೆ ಅಲ್ಲಿಂದ ಮುಂದೆ ಹೆಚ್ಚಿದ ತೂಕ ಎತ್ತರದ ಜಿಗಿತದಿಂದ ಬಂದದ್ದೋ ಕೊಬ್ಬಿನಿಂದ ಬಂದದ್ದೋ ತೂಕವೊಂದರಿಂದಲೇ ತಿಳಿಯದು. ಈ ಕೊರತೆಯನ್ನು ತುಂಬಲು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2015ರಲ್ಲಿ 5ರಿಂದ 18 ವರ್ಷದವರಿಗೆ ಪರಿಷ್ಕೃತ ರೇಖಾಪಟಗಳನ್ನು ಹೊರತಂದಿತು. ಭಾರತೀಯರಿಗೆ ಕಡಿಮೆ ಬಿಎಂಐಯಲ್ಲಿಯೇ ಮಧುಮೇಹ, ಹೃದ್ರೋಗಗಳ ಅಪಾಯ ತಲೆದೋರುವುದರಿಂದ, ಅವುಗಳಲ್ಲಿ ಅಧಿಕ ತೂಕದ ಗೆರೆಯನ್ನು ವಯಸ್ಕರ 25ರ ಬದಲು 23ಕ್ಕೂ, ಬೊಜ್ಜಿನದನ್ನು 30ರ ಬದಲು 27ಕ್ಕೂ ಸರಿಹೊಂದುವಂತೆ ಎಳೆಯಲಾಗಿದೆ.