ಅಂಕಿ ಯಾವುದರದು?

ನಮ್ಮ ಮರಿಯಮ್ಮನಹಳ್ಳಿಯವರಿಗೆ ಅಳತೆಯ ಮಾತು ಹೊಸದಲ್ಲ. ತುಂಗಭದ್ರಾ ಜಲಾಶಯದ ಹಿನ್ನೀರಿನ ಮಗ್ಗುಲಲ್ಲಿ ಬದುಕುವ ನಾವು ಮಳೆಗಾಲ ಬಂತೆಂದರೆ ದಿನವೂ ಎರಡು ಅಂಕಿಗಳನ್ನು ಕೇಳುತ್ತೇವೆ: ಎಷ್ಟು ಟಿಎಂಸಿ ನಿಂತಿದೆ, ಎಷ್ಟು ಕ್ಯೂಸೆಕ್ ಹರಿಯುತ್ತಿದೆ. ಕಾಲುವೆಯ ಕೊನೆಯಲ್ಲಿ ಹೊಲವುಳ್ಳವನು ಮೂರನೆಯದನ್ನೂ ಬಲ್ಲ: ತೂಬು ಎತ್ತಿದ ಮೇಲೆ ನೀರು ತನ್ನ ಬದುವಿಗೆ ಮುಟ್ಟಲು ಹಿಡಿಯುವ ಕಾಲ. ಇಂಥ ಊರಿನವನಾಗಿಯೂ ನಾನು ಗಣಕಯಂತ್ರದ ವಿಷಯದಲ್ಲಿ ಎಡವಿ ತಲೆ ತಗ್ಗಿಸಬೇಕಾಯಿತು.

ಹೊಸಪೇಟೆಯ ಒಂದು ಅಂಗಡಿಯಲ್ಲಿ ನನ್ನ ಯಂತ್ರಕ್ಕೆಂದು ರ‍್ಯಾಮ್ ಪಟ್ಟಿಯೊಂದನ್ನು ಕೊಂಡೆ. ಚೀಟಿಯ ಮೇಲೆ 3200 ಎಂದಿತ್ತು. ಮನೆಗೆ ಬಂದು ತಂತ್ರಾಂಶದಲ್ಲಿ ಪರೀಕ್ಷಿಸಿದರೆ 1600 ಮೆಗಾಹರ್ಟ್ಸ್ ಎಂದು ಕಂಡಿತು. ಮರುದಿನವೇ ಅಂಗಡಿಗೆ ಹೋಗಿ, ನಾಲ್ಕು ಜನ ಗಿರಾಕಿಗಳ ಎದುರಿನಲ್ಲಿ, ಅರ್ಧಕ್ಕರ್ಧ ಮೋಸವೆಂದು ಕೂಗಾಡಿದೆ. ಅಲ್ಲಿದ್ದ ಹುಡುಗ ಎದುರಾಡಲಿಲ್ಲ. "ಸರ್, ನೀವು ನೋಡಿದ್ದು ಕ್ಲಾಕ್ ಸ್ಪೀಡ್ ರೀ. ಎರಡರಿಂದ ಗುಣಿಸಿ ನೋಡ್ರಿ, ಸರಿ ಐತಿ" ಎಂದಷ್ಟೇ ನುಡಿದ. ನಾನು ನಂಬದೆ ಹಿಂದಿರುಗಿದೆ. ನಂಬದಿದ್ದುದರಿಂದಲೇ ಈ ಅಂಕಿಗಳ ಇತಿಹಾಸವನ್ನು ಓದಿದೆ.

ಆದಿಯಲ್ಲಿ ವೇಗವನ್ನು ಕಾಲದಿಂದಲೇ ಅಳೆಯುತ್ತಿದ್ದರು. 1960ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಕೆಲಸಕ್ಕೆ ತೊಡಗಿದ ಟಿಫ್ರ್ಯಾಕ್ ಯಂತ್ರದ ಸ್ಮರಣೆ ಸಣ್ಣ ಕಾಂತೀಯ ಉಂಗುರಗಳದು; ಅದರಲ್ಲಿ ಹಿಡಿಯುತ್ತಿದ್ದುದು 2048 ಪದಗಳು, ಒಂದು ಆವರ್ತನಕ್ಕೆ ಬೇಕಾದುದು 15 ಮೈಕ್ರೋಸೆಕೆಂಡು. 1970ರಲ್ಲಿ ಇಂಟೆಲ್ ಸಂಸ್ಥೆಯ 1103 ಎಂಬ ಚಿಪ್ಪು ಮಾರುಕಟ್ಟೆಗೆ ಬಂದ ಬಳಿಕ ಉಂಗುರಗಳ ಕಾಲ ಮುಗಿಯುತ್ತ ಬಂತು. ಮುಂದೆ ಚಿಪ್ಪುಗಳ ಮೈಮೇಲೆ ನ್ಯಾನೋಸೆಕೆಂಡಿನ ಲೆಕ್ಕ ಅಚ್ಚಾಗತೊಡಗಿತು. 70ಕ್ಕಿಂತ 60 ಮೇಲು. ಅಂಕಿ ಇಳಿದಷ್ಟೂ ಬೆಲೆ ಏರುತ್ತಿತ್ತು.

1990ರ ದಶಕದಲ್ಲಿ ಸ್ಮರಣೆಯು ಯಂತ್ರದ ಗಡಿಯಾರದ ತಾಳಕ್ಕೆ ಹೆಜ್ಜೆಹಾಕತೊಡಗಿದಾಗ ಕ್ರಮ ತಲೆಕೆಳಗಾಯಿತು. 'ಪಿಸಿ 100' ಎಂದರೆ ಗಡಿಯಾರದ 100 ಮೆಗಾಹರ್ಟ್ಸ್. ಈಗ ಅಂಕಿ ಹಿರಿದಾದಷ್ಟೂ ಶ್ರೇಷ್ಠ. 2000ದಲ್ಲಿ ಡಿಡಿಆರ್ ಎಂಬ ಕ್ರಮಕ್ಕೆ ಮಾನಕ ದೊರೆಯಿತು. ಇದರಲ್ಲಿ ತಾಳದ ಏರಿಗೊಮ್ಮೆ, ಇಳಿತಕ್ಕೊಮ್ಮೆ, ಹೀಗೆ ಎರಡು ಸಲ ಸಾಗಣೆ. ಅದೇ 100ರ ಗಡಿಯಾರಕ್ಕೆ ಚಿಪ್ಪಿನ ಹೆಸರು 'ಡಿಡಿಆರ್ 200'. ಒಂದೊಂದು ಸಲಕ್ಕೆ 8 ಬೈಟುಗಳಂತೆ ಗುಣಿಸಿ ಪಟ್ಟಿಗೆ ಇಟ್ಟ ಹೆಸರು 'ಪಿಸಿ 1600'. ನೂರಿದ್ದುದು ಸಾವಿರದಾರುನೂರಾಯಿತು, ನಿಜವಾಗಿ ಹೆಚ್ಚಿದ್ದು ಎರಡರಷ್ಟು ಮಾತ್ರ. ಸುಳ್ಳನ್ನು ಯಾರೂ ಹೇಳಲಿಲ್ಲ, ಅಳತೆಗೋಲು ಬದಲಾಗಿತ್ತು.

ಇನ್ನು ತೂಬಿನಿಂದ ಬದುವಿಗೆ ಮುಟ್ಟುವ ಕಾಲ. ಇದನ್ನು 'ಸಿಎಲ್' ಎಂಬ ಅಕ್ಷರಗಳ ಮುಂದೆ, ಎಷ್ಟು ತಾಳ ಕಾಯಬೇಕೆಂದು ಬರೆದಿರುತ್ತಾರೆ. ಡಿಡಿಆರ್ 400ರಲ್ಲಿ 3 ತಾಳವೆಂದರೆ 15 ನ್ಯಾನೋಸೆಕೆಂಡು. ಇಂದಿನ ಡಿಡಿಆರ್4-3200ರಲ್ಲಿ 22 ತಾಳವೆಂದರೆ 13.75. ಹರಿವು ಎಂಟು ಪಟ್ಟಾಯಿತು. ಮೊದಲ ಹನಿ ಬರುವ ಹೊತ್ತು ಹೆಚ್ಚುಕಡಿಮೆ ಅಷ್ಟೇ ಉಳಿಯಿತು.

ಆದುದರಿಂದ ಪರೀಕ್ಷಿಸುವವನು ಮೊದಲು ಕೇಳಬೇಕಾದುದು, ಈ ಅಂಕಿ ಯಾವುದರದು ಎಂದು. ಗಿಗಾಬೈಟು ನಿಂತ ನೀರು. 3200 ಎಂಬುದು ಸೆಕೆಂಡಿಗೆ ನಡೆಯುವ ಸಾಗಣೆಗಳ ಸಂಖ್ಯೆ, ದಶಲಕ್ಷಗಳಲ್ಲಿ. ಅದರ ಅರ್ಧ ಗಡಿಯಾರ. ಎಂಟರಿಂದ ಗುಣಿಸಿದ 25600 ಮೆಗಾಬೈಟುಗಳ ಹರಿವು. ಅರ್ಧಕ್ಕೂ ಕಡಿಮೆ ಕಂಡರೆ ಆಗ ಅನುಮಾನಿಸಬಹುದು. ಆಗಲೂ ಜೊತೆಯ ಪಟ್ಟಿ ನಿಧಾನದ್ದಾಗಿದ್ದರೆ ಎರಡೂ ಅದರ ವೇಗಕ್ಕೇ ಇಳಿಯುತ್ತವೆ, ಹೆಚ್ಚಿನ ವೇಗದ ಪಟ್ಟಿಗಳು ಬಯಾಸ್‌ನಲ್ಲಿ ಅನುಮತಿ ಕೊಡುವತನಕ ಸಾಮಾನ್ಯ ವೇಗದಲ್ಲೇ ನಡೆಯುತ್ತವೆ ಎಂಬುದನ್ನು ಮರೆಯಬಾರದು.

ಮರುವಾರ ಹೋಗಿ ಆ ಹುಡುಗನ ಕ್ಷಮೆ ಕೇಳಿದೆ. ಅವನು ನಕ್ಕು, ಚಹಾ ತರಿಸಿದ. ಆದರೆ ನನ್ನ ಕೂಗಾಟವನ್ನು ಕೇಳಿದ್ದ ಆ ನಾಲ್ವರು ಅಂದು ಅಲ್ಲಿರಲಿಲ್ಲ. ಅವರು ಯಾರೆಂದು ನಾನರಿಯೆ. ಅವರಲ್ಲಿ ಯಾರಾದರೂ ಈ ಹೊತ್ತು ಇದನ್ನು ಕೇಳುತ್ತಿದ್ದರೆ, ಒಂದು ಮಾತು: ಆ ಅಂಗಡಿಯಲ್ಲಿ ಮೋಸ ನಡೆದಿರಲಿಲ್ಲ. ತಪ್ಪಿದ್ದುದು ನನ್ನ ಲೆಕ್ಕ.