ಅಮ್ಮನ ಟೇಪು

ಬಿನ್ನಿಪೇಟೆಯ ನಮ್ಮ ಮನೆಯಲ್ಲಿ ಒಂದು ತಗಡಿನ ಪೆಟ್ಟಿಗೆ ಇದೆ. ಅಪ್ಪ ಮಿಲ್ಲಿನಲ್ಲಿ ದುಡಿಯುತ್ತಿದ್ದಾಗ ಕೊಂಡದ್ದು. ಆ ಮಿಲ್ಲಿನ ಜಾಗದಲ್ಲಿ ಈಗ ಬಹುಮಹಡಿ ಕಟ್ಟಡಗಳೆದ್ದಿವೆ, ಪೆಟ್ಟಿಗೆ ಮಾತ್ರ ಹಾಗೇ ಇದೆ. ಅದರೊಳಗೆ ಮನೆ ಕಂದಾಯದ ರಸೀದಿಗಳನ್ನು ಅಮ್ಮ ದಾರ ಕಟ್ಟಿ ಇಟ್ಟಿದ್ದಾಳೆ. ಅಪ್ಪ ತೀರಿಕೊಂಡದ್ದು 1991ರಲ್ಲಿ. ಅಲ್ಲಿಂದೀಚೆಗೆ ಹಣ ಕಟ್ಟಿದವಳು ಅಮ್ಮ, ರಸೀದಿಯಲ್ಲಿ ಹೆಸರು ಅಪ್ಪನದೇ. ಖಾತೆ ಬದಲಾಯಿಸಲು ನಾವು ಯಾರೂ ಓಡಾಡಲಿಲ್ಲ. "ಇರಲಿ ಬಿಡೇ, ಅವರ ಹೆಸರಿದ್ದರೆ ನನಗೇನು ಭಾರವೇ?" ಎನ್ನುತ್ತಿದ್ದಳು.

ಹಿಂದೆಲ್ಲ ಮನೆಗೆ ಎಷ್ಟು ಬಾಡಿಗೆ ಬಂದೀತೆಂದು ಪಾಲಿಕೆಯವರು ಅಂದಾಜು ಮಾಡಿ ಕಂದಾಯ ಗೊತ್ತು ಮಾಡುತ್ತಿದ್ದರು. ಲೆಕ್ಕ ಅವರದು, ಕಟ್ಟುವುದು ನಮ್ಮದು. 2000ದಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಸ್ವಯಂ ಘೋಷಣೆಯ ಪದ್ಧತಿ ತಂದಿತು. ಊರನ್ನು ವಲಯಗಳಾಗಿ ವಿಂಗಡಿಸಿ, ಚದರಡಿಗೆ ಇಷ್ಟಿಷ್ಟು ಎಂದು ದರ ಮುದ್ರಿಸಿ ಕೊಟ್ಟರು. ನಿಮ್ಮ ಮನೆ ನೀವೇ ಅಳೆಯಿರಿ, ನೀವೇ ಲೆಕ್ಕ ಹಾಕಿ ಸಹಿ ಮಾಡಿ ಎಂದರು.

ಅಮ್ಮ ನೆರೆಮನೆಯವರಿಗೆ ರವಿಕೆ ಹೊಲಿದು ಕೊಡುತ್ತಿದ್ದಳು. ಅವಳ ಅರವತ್ತು ಅಂಗುಲದ ಟೇಪೇ ಆಯಿತು. ಒಂದು ಟೇಪು ಮುಗಿದಲ್ಲಿ ಸೀಮೆಸುಣ್ಣದ ಗೆರೆ, ಅಲ್ಲಿಂದ ಮತ್ತೊಂದು ಟೇಪು. ನಾನು ಬರೆದುಕೊಂಡೆ. ಬಚ್ಚಲಿನ ತಗಡಿನ ಚಾವಣಿಯನ್ನು ಏನೆಂದು ಬರೆಯುವುದು ಎಂದು ಅರ್ಧ ಗಂಟೆ ಚರ್ಚೆ! "ಮೂವತ್ತು ವರ್ಷ ಈ ನೆಲ ಒರೆಸಿದೀನಿ, ಎಷ್ಟು ಉದ್ದ ಎಷ್ಟು ಅಗಲ ಅಂತ ಇವತ್ತೇ ಗೊತ್ತಾಗಿದ್ದು" ಎಂದು ನಕ್ಕಳು. ಮಾಲೀಕರ ಹೆಸರಿನ ಜಾಗದಲ್ಲಿ ಅಪ್ಪನ ಹೆಸರು ಬರೆಸಿ, ಕೆಳಗೆ ತನ್ನ ಸಹಿ ಹಾಕಿದಳು.

ಅದೇ ಸುಮಾರಿಗೆ ಹಳ್ಳಿಗಳ ಕಡೆ 'ಭೂಮಿ' ಯೋಜನೆ ನಡೆದಿತ್ತು. ಗ್ರಾಮಲೆಕ್ಕಿಗರ ಕೈಬರಹದ ಪಹಣಿಗಳು, ಸುಮಾರು 2 ಕೋಟಿ, ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಕೈಗೆ ಬರುತ್ತಿತ್ತು. ರೈತರಿಗೆ ಇದು ಸಣ್ಣ ಅನುಕೂಲವಲ್ಲ; ದೇಶವಿದೇಶದವರು ಬಂದು ನೋಡಿಹೋದರು. ಆದರೆ ಕಂಪ್ಯೂಟರು ಓದುವುದು ಹಳೇ ಪುಸ್ತಕವನ್ನೇ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ತಿದ್ದುಪಡಿ ನಮ್ಮ ರಾಜ್ಯದಲ್ಲಿ 1994ರಲ್ಲೇ ಜಾರಿಗೆ ಬಂದಿತ್ತು. ಪುಸ್ತಕದಲ್ಲಿ ಅಣ್ಣತಮ್ಮಂದಿರ ಹೆಸರಷ್ಟೇ ಇದ್ದ ಕಡೆ, ಪರದೆಯ ಮೇಲೂ ಅವರಷ್ಟೇ ಬಂದರು, ಇನ್ನೂ ಸ್ಪಷ್ಟ ಅಕ್ಷರದಲ್ಲಿ. ಯಂತ್ರವನ್ನು ಬೈದು ಪ್ರಯೋಜನವಿಲ್ಲ.

ಇದು ನಮ್ಮ ಮನೆಯೊಳಗೂ ಬಂತು, 2024ರಲ್ಲಿ. "ನನ್ನ ಕಣ್ಣೆದುರೇ ಮನೆ ನಿಮ್ಮಿಬ್ಬರಿಗೂ ಹಂಚಿಬಿಡಬೇಕು" ಎಂದು ಅಮ್ಮ ಹಟ ಹಿಡಿದಿದ್ದಳು. ಆ ವರ್ಷದಿಂದಲೇ ಬೆಂಗಳೂರಿನಲ್ಲಿ ಆಸ್ತಿ ನೋಂದಣಿಗೆ ಇ-ಖಾತೆ ಬೇಕೆಂದಾಯಿತು. ಪಾಲಿಕೆ ಹಳೇ ಖಾತೆಗಳ ಕರಡನ್ನು ಕಂಪ್ಯೂಟರಿನಲ್ಲಿ ಎಲ್ಲರೂ ನೋಡುವಂತೆ ತೆರೆದಿಟ್ಟಿತ್ತು. ತಂಗಿ ಮೊಬೈಲಿನಲ್ಲಿ ಹುಡುಕಿ ತೋರಿಸಿದಳು. ಮಾಲೀಕರು: ಅಪ್ಪ. ಆಧಾರ್ ಜೋಡಿಸಿ ಎಂದಿತ್ತು. 1991ರಲ್ಲಿ ಹೋದವರಿಗೆ ಎಲ್ಲಿಯ ಆಧಾರ್?

ಅಮ್ಮ ಕನ್ನಡಕ ಏರಿಸಿಕೊಂಡು ಆ ಹೆಸರನ್ನು ತುಂಬ ಹೊತ್ತು ನೋಡಿದಳು. "ಇದರಲ್ಲಿ ನಾನು ಎಲ್ಲೂ ಇಲ್ಲವಲ್ಲೇ. ರಸೀದಿ ಎಲ್ಲ ಇಟ್ಟಿದೀನಲ್ಲ?" ಕಂದಾಯ ಕಟ್ಟಿದ ರಸೀದಿಯಿಂದ ಹೆಸರು ಬರುವುದಿಲ್ಲ ಎಂದು ಹೇಳಲು ನನಗೆ ನಾಲಿಗೆ ಏಳಲಿಲ್ಲ. ತಂಗಿಯೇ ಹೇಳಿದಳು.

ಮರಣಪತ್ರ, ವಂಶವೃಕ್ಷ, ಕ್ರಯಪತ್ರ ಎಲ್ಲ ಹೊಂದಿಸಿ ಮೂವರ ಹೆಸರಿಗೂ ಅರ್ಜಿ ಹಾಕಲು ಕುಳಿತೆವು. ಯಾರ ಹೆಸರು ಮೊದಲು ಎಂದು ತಂಗಿ ಕೇಳಿದಳು.

"ನಂದು" ಎಂದಳು ಅಮ್ಮ. ಆಮೇಲೆ, "ಅಳತೆಗೆ ಬರ್ತಾರೇನೇ? ಟೇಪು ಪೆಟ್ಟಿಗೇಲೇ ಇದೆ."